ಪಿಕ್ ಅಪ್ ಅಂದ್ರೆ 'ಎತ್ತಿಕೊಳ್ಳು' ಅಂತ ಮಾತ್ರ ಹೇಳಿಕೊಟ್ರೆ ಮಕ್ಕಳಿಗೆ ಸಾಲಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಿಮ್ಮ ಶಿಕ್ಷಣ ಪುಟದಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳಿಗೋಸ್ಕರ ಇಂಗ್ಲಿಷ್ ಫ್ರೇಸಲ್ ವರ್ಬ್‌ಗಳ, ಅಂದ್ರೆ ಕ್ರಿಯಾಪದದ ಹಿಂದೆ ಅಪ್, ಆಫ್ ಥರದ ಚಿಕ್ಕ ಪದ ಸೇರಿದ ಮಾತುಗಳ ಪಟ್ಟಿ ಹಾಕ್ತಾ ಇದೀರಲ್ಲ, ಅದರ ಬಗ್ಗೆ ಬರೀತಿದೀನಿ. ಎಡಗಡೆ ಇಂಗ್ಲಿಷು, ಬಲಗಡೆ ಒಂದೇ ಒಂದು ಕನ್ನಡ ಪದ. ಪಿಕ್ ಅಪ್, ಎತ್ತಿಕೊಳ್ಳು. ಗಿವ್ ಅಪ್, ಬಿಟ್ಟುಬಿಡು. ಟೇಕ್ ಆಫ್, ಹಾರು. ಮಕ್ಕಳಿಗೆ ಸಹಾಯ ಆಗ್ಲಿ ಅಂತಾನೇ ಹಾಕ್ತೀರ, ಅದರಲ್ಲಿ ಅನುಮಾನ ಇಲ್ಲ, ನನ್ನ ಹತ್ರ ಟ್ಯೂಷನ್‌ಗೆ ಬರೋ ಮಕ್ಕಳು ಅದನ್ನ ಕತ್ತರಿಸಿ ನೋಟ್ಸಿನೊಳಗೆ ಅಂಟಿಸ್ಕೊಂಡು ಬಾಯಿಪಾಠ ಮಾಡ್ತಾರೆ, ಪೇಪರಲ್ಲಿ ಬಂದಿದೆ ಅಂದ್ರೆ ಅದು ಪೂರ್ತಿ ಸರಿ ಅಂತ ನಂಬ್ತಾರೆ, ಅವರು ಅಷ್ಟು ನಂಬೋದರಿಂದಾನೇ ನಾನು ಈ ಪತ್ರ ಬರೀಬೇಕಾಯ್ತು.

ಆ ಪಟ್ಟೀಲಿ ಇರೋದು ಯಾವುದೂ ಸುಳ್ಳಲ್ಲ. ಆದ್ರೆ ಒಂದೊಂದು ಮಾತಿಗೂ ಇರೋ ಹತ್ತು ಹನ್ನೆರಡು ಅರ್ಥದಲ್ಲಿ ಒಂದನ್ನ ಮಾತ್ರ ಕೊಟ್ಟು ಉಳಿದಿದ್ದರ ಸುದ್ದೀನೇ ಎತ್ತದೇ ಇದ್ರೆ ಮಗು ಆ ಒಂದನ್ನೇ ಹಿಡ್ಕೊಂಡು ಎಲ್ಲಾ ಕಡೆ ಅದನ್ನೇ ಹಚ್ಚತ್ತೆ. ನನ್ನ ಹತ್ರ ಓದಿದ ಒಬ್ಬ ಹುಡುಗಿ ಪಿಯುಸಿ ಮುಗಿಸಿ ಒಂದು ಸೀರೆ ಅಂಗಡೀಲಿ ಸೇಲ್ಸ್ ಕೆಲಸಕ್ಕೆ ಅಂತ ಇಂಟರ್ವ್ಯೂಗೆ ಹೋದ್ಲು. ಅಲ್ಲಿ ಕೇಳಿದ್ದು ಆಷಾಢದಲ್ಲಿ ಬಿಸಿನೆಸ್ ಡಲ್ ಇರತ್ತಲ್ಲ, ವೆನ್ ಡಸ್ ಇಟ್ ಪಿಕ್ ಅಪ್ ಅಂತ. ಅವಳ ತಲೇಲಿ ಪಿಕ್ ಅಪ್ ಅಂದ್ರೆ ಎತ್ತಿಕೊಳ್ಳು, ಏನನ್ನ ಎತ್ತಬೇಕು ಯಾರು ಎತ್ತಬೇಕು ಅಂತ ಗೊತ್ತಾಗದೆ ಸುಮ್ನೆ ಕೂತುಬಿಟ್ಲು. ಶ್ರಾವಣ ಬಂದು ವರಮಹಾಲಕ್ಷ್ಮಿ ಹಬ್ಬ ಹತ್ರ ಆಗ್ತಿದ್ದಂಗೆ ಸೀರೆ ಅಂಗಡಿ ತುಂಬತ್ತೆ ಅನ್ನೋದು ಬೆಂಗಳೂರಲ್ಲಿ ಹುಟ್ಟಿ ಬೆಳೆದ ಯಾವ ಹೆಣ್ಣುಮಗುವಿಗೆ ಗೊತ್ತಿಲ್ಲ ಹೇಳಿ, ಉತ್ತರ ಅವಳ ಬಾಯಲ್ಲೇ ಇತ್ತು, ಪ್ರಶ್ನೆ ಒಳಗೆ ಹೋಗ್ಲಿಲ್ಲ ಅಷ್ಟೆ. ನನಗೆ ಅದು ಇವತ್ತಿಗೂ ಹೊಟ್ಟೆ ಉರಿಯತ್ತೆ.

ಈ ಪಿಕ್ ಅಪ್ ಒಂದನ್ನೇ ತಗೊಳಿ. ಬೆಂಗಳೂರಲ್ಲಿ ಇಂಗ್ಲಿಷ್ ಬರದೇ ಇರೋರೂ ದಿನಾ ಬಳಸೋ ಮಾತು ಇದು. ಕ್ಯಾಬ್ ಓಡಿಸೋರು ಏರ್‌ಪೋರ್ಟ್ ಪಿಕಪ್ ಇದೆ ಅಂತಾರೆ, ಯಶವಂತಪುರ ಮಾರ್ಕೆಟ್ಟಿಗೆ ಈರುಳ್ಳಿ ಮೂಟೆ ಬರೋದು ಪಿಕಪ್ ಗಾಡೀಲಿ, ಗ್ಯಾರೇಜಲ್ಲಿ ಮೆಕ್ಯಾನಿಕ್ಕು ಗಾಡಿ ಪಿಕಪ್ ಇಲ್ಲ ಸಾರ್ ಕಾರ್ಬೊರೇಟರ್ ಕ್ಲೀನ್ ಮಾಡ್ಬೇಕು ಅಂತಾನೆ, ಕೆ.ಆರ್. ಮಾರ್ಕೆಟ್ಟಿನ ಹೂವಿನವರು ಹಬ್ಬದ ಹಿಂದಿನ ದಿನ ಈಗ ಪಿಕಪ್ ಆಯ್ತು ನೋಡಿ ವ್ಯಾಪಾರ ಅಂತಾರೆ. ಗಮನಿಸಿ, ಇದರಲ್ಲಿ ಒಂದಕ್ಕೂ ಎತ್ತಿಕೊಳ್ಳು ಅಂತ ಅರ್ಥ ಹಾಕಕ್ಕೆ ಬರಲ್ಲ. ಅಂದ್ರೆ ಆ ಹುಡುಗಿಗೆ ಈ ಮಾತು ಮನೆ ಹತ್ರ ಬೀದೀಲೇ ಸಿಕ್ಕಿತ್ತು, ಪಾಠದ ಪಟ್ಟಿ ಬಂದು ಅದನ್ನ ಮರೆಸ್ತು. ಇದು ತುಂಬಾ ಬೇಜಾರಿನ ವಿಷಯ, ಗೊತ್ತಿರೋದನ್ನ ಮರೆಸೋ ಪಾಠ ಯಾಕೆ ಬೇಕು ನಮಗೆ.

ಇನ್ನು ಇಂಗ್ಲಿಷಿನೋರು ಹೇಗೆಲ್ಲ ಬಳಸ್ತಾರೆ ನೋಡಿ. ನೆಲದ ಮೇಲೆ ಬಿದ್ದಿರೋ ಪೆನ್ನನ್ನ ಪಿಕ್ ಅಪ್ ಮಾಡೋದು, ಇದು ಮೂಲ. ಸ್ಕೂಲಿಂದ ಮಗೂನ ಪಿಕ್ ಅಪ್ ಮಾಡೋದು ಅಂದ್ರೆ ಕರ್ಕೊಂಡು ಬರೋದು. ಶಿ ಪಿಕ್ಡ್ ಅಪ್ ಅ ಕೋಲ್ಡ್ ಅಂದ್ರೆ ನೆಗಡಿ ಅಂಟ್ಕೊಳ್ತು. ದ ಪೊಲೀಸ್ ಪಿಕ್ಡ್ ಹಿಮ್ ಅಪ್ ಅಂದ್ರೆ ಹಿಡ್ಕೊಂಡು ಹೋದ್ರು. ಹಿ ಪಿಕ್ಡ್ ಅಪ್ ದ ಬಿಲ್ ಅಂದ್ರೆ ಹೋಟೆಲ್ ಬಿಲ್ಲನ್ನ ತಾನೇ ವಹಿಸ್ಕೊಂಡ. ರೇಡಿಯೋ ದೂರದ ಸ್ಟೇಷನ್ನಿನ ಸಿಗ್ನಲ್ಲನ್ನ ಪಿಕ್ ಅಪ್ ಮಾಡತ್ತೆ, ಹಿಡ್ಕೊಳತ್ತೆ. ಫೋನ್ ವಿಷಯಕ್ಕೆ ಬಂದ್ರೆ ಶಿ ಈಸ್ ನಾಟ್ ಪಿಕಿಂಗ್ ಅಪ್ ಅಂತ ಅಷ್ಟೇ ಹೇಳ್ತಾರೆ, ಫೋನು ಅನ್ನೋ ಪದಾನೂ ಬೇಕಿಲ್ಲ, ಹಿಂದೆ ರಿಸೀವರನ್ನ ನಿಜವಾಗಲೂ ಕೈಲಿ ಎತ್ತಬೇಕಿತ್ತು, ಈಗ ಬೆರಳಲ್ಲಿ ಸವರ್ತೀವಿ ಆದ್ರೂ ಮಾತು ಹಾಗೇ ಉಳ್ಕೊಂಡಿದೆ, ನಾವೂ ಫೋನ್ ಎತ್ತಲಿಲ್ಲ ಅಂತಾನೇ ಅಂತೀವಲ್ಲ ಹಾಗೆ.

ಇದರಲ್ಲಿ ನನಗೆ ಬಹಳ ಇಷ್ಟದ್ದು ಭಾಷೆ ಪಿಕ್ ಅಪ್ ಮಾಡೋದು. ಲರ್ನ್ ಅಂದ್ರೂ ಕಲಿಯೋದೇ ಆದ್ರೆ ಪಿಕ್ ಅಪ್ ಅಂದಾಗ ಮೇಷ್ಟ್ರು ಇಲ್ಲ, ಪುಸ್ತಕ ಇಲ್ಲ, ಕಿವಿ ಮೇಲೆ ಬಿದ್ದು ಬಿದ್ದು ಬಂದಿದ್ದು ಅಂತ. ಶ್ರೀರಾಮಪುರದಲ್ಲಿ ಬೆಳೆದ ಮಗುವಿಗೆ ತಮಿಳು ಬರತ್ತೆ, ಶಿವಾಜಿನಗರದಲ್ಲಿ ಅಂಗಡಿ ಇಟ್ಟೋರಿಗೆ ಉರ್ದು ಬರತ್ತೆ, ಯಾರೂ ಹೇಳ್ಕೊಟ್ಟಿದ್ದಲ್ಲ. ಬೆಂಗಳೂರಿನ ಅರ್ಧ ಜನರ ಬದುಕನ್ನ ಹೇಳೋ ಅಷ್ಟು ಒಳ್ಳೆ ಅರ್ಥ ಇದು, ಇದನ್ನೇ ಪಟ್ಟಿಯಿಂದ ಬಿಟ್ಟುಬಿಟ್ಟಿದೀರ. ಹೌ ಡಿಡ್ ಯು ಪಿಕ್ ಅಪ್ ತೆಲುಗು ಅಂತ ಇಂಟರ್ವ್ಯೂನಲ್ಲಿ ಕೇಳೋದು ಈ ಊರಲ್ಲಿ ಸಹಜ, ನಾಕು ಭಾಷೆ ಬರೋ ನಮ್ಮ ಹುಡುಗರು ಅದಕ್ಕೆ ಎದೆ ಎತ್ತಿ ಉತ್ತರ ಕೊಡಬಹುದಿತ್ತು.

ಆಮೇಲೆ ಇನ್ನೊಂದು ಗುಂಪಿದೆ, ಅಲ್ಲಿ ಯಾರೂ ಏನನ್ನೂ ಎತ್ತಲ್ಲ. ದ ವಿಂಡ್ ಪಿಕ್ಡ್ ಅಪ್, ಗಾಳಿ ಜೋರಾಯ್ತು. ಟ್ರೇನು ಪಿಕ್ಡ್ ಅಪ್ ಸ್ಪೀಡ್. ಸೇಲ್ಸ್ ಪಿಕ್ಡ್ ಅಪ್. ಕಮ್ಮಿ ಇದ್ದಿದ್ದು ಏರೋದು ಅಷ್ಟೆ, ಮೆಕ್ಯಾನಿಕ್ಕಿನ ಪಿಕಪ್ಪೂ ಇದೇ ಗುಂಪಿಗೆ ಸೇರಿದ್ದು. ನಾನು ಮಕ್ಕಳಿಗೆ ಹೇಳೋದು ಎರಡೇ ಪ್ರಶ್ನೆ ಕೇಳ್ಕೊಳಿ, ಏನಾದ್ರೂ ನಮ್ಮ ಕಡೆಗೆ ಬಂತಾ, ಇಲ್ಲಾ ಏನಾದ್ರೂ ತಾನಾಗೇ ಮೇಲಕ್ಕೆ ಹೋಯ್ತಾ. ಪೆನ್ನು, ಮಗು, ನೆಗಡಿ, ಭಾಷೆ, ಬಿಲ್ಲು ಎಲ್ಲಾ ನಮ್ಮ ಕಡೆಗೆ ಬಂದಿದ್ದು. ಗಾಳಿ, ವ್ಯಾಪಾರ, ಸ್ಪೀಡು ಮೇಲಕ್ಕೆ ಹೋಗಿದ್ದು. ಹನ್ನೆರಡು ಅರ್ಥ ಬಾಯಿಪಾಠ ಮಾಡೋ ಬದಲು ಎರಡು ನೆನಪಿಟ್ಕೊಂಡು ವಾಕ್ಯ ನೋಡಿದ್ರೆ ಮುಕ್ಕಾಲು ಪಾಲು ಬಿಡಿಸ್ಕೊಳತ್ತೆ.

ಈಗ ಮೇಲೆ ಬರೆದ ಕನ್ನಡದ ಕಡೆ ಒಂದ್ಸಲ ಕಣ್ಣು ಹಾಯಿಸಿ ಸಾರ್. ಎತ್ಕೊ, ಕರ್ಕೊಂಡು ಬಾ, ಅಂಟ್ಕೊಳ್ತು, ಹಿಡ್ಕೊಂಡು ಹೋದ್ರು, ವಹಿಸ್ಕೊಂಡ, ಹಿಡ್ಕೊಳತ್ತೆ. ಭಾಷೆಗೆ ಕಲಿತ್ಕೊಂಡ. ಎಲ್ಲದರಲ್ಲೂ ಒಂದು ಕೊಳ್ಳು ಕೂತಿದೆ! ನಾನು ಬೇಕು ಅಂತ ತಂದಿದ್ದಲ್ಲ, ಮಾತಾಡೋ ಕನ್ನಡದಲ್ಲಿ ಬರೆದ್ರೆ ಅದಾಗೇ ಬರತ್ತೆ. ಎತ್ತಿಕೊಡು ಅಂದ್ರೆ ಬೇರೆಯೋರಿಗೆ, ಎತ್ತಿಕೊ ಅಂದ್ರೆ ತನಗೆ, ಈ ವ್ಯತ್ಯಾಸ ಮೂರು ವರ್ಷದ ಕೂಸಿಗೂ ಗೊತ್ತು. ಪಿಕ್ ಅಪ್‌ನ ಮೊದಲನೇ ಗುಂಪಲ್ಲಿ ಅಪ್ ಮಾಡ್ತಿರೋ ಕೆಲಸ ನಮ್ಮ ಕೊಳ್ಳು ಮಾಡೋ ಕೆಲಸಕ್ಕೆ ಎಷ್ಟು ಹತ್ರ ಇದೆ ನೋಡಿ. ಎರಡನೇ ಗುಂಪಿಗೆ ಬಂದ್ರೆ ಗಾಳಿ ಜೋರಾಯ್ತು, ಸ್ಪೀಡ್ ಜಾಸ್ತಿ ಆಯ್ತು, ಕೊಳ್ಳು ಮಾಯ. ವ್ಯಾಪಾರ ಚೇತರಿಸ್ಕೊಳ್ತು ಅಂತ ಅಲ್ಲಿ ಮಾತ್ರ ಒಂದು ಉಳಿಯತ್ತೆ. ಅಂದ್ರೆ ಇಂಗ್ಲಿಷ್ ಎರಡನ್ನ ಒಂದೇ ಮಾತಲ್ಲಿ ಮುಚ್ಚಿಟ್ಟಿದ್ರೆ ಕನ್ನಡ ಅದನ್ನ ಬೇರೆ ಬೇರೆ ಮಾಡಿ ತೋರಿಸ್ತಿದೆ. ಕನ್ನಡ ಮೀಡಿಯಂ ಮಗುವಿಗೆ ಇಷ್ಟು ದೊಡ್ಡ ಅನುಕೂಲ ಇರೋವಾಗ ಅದನ್ನ ಬಳಸ್ಕೊಳ್ಳದೆ ಇಂಗ್ಲಿಷ್ ಕಷ್ಟ ನಿಮಗೆ ಬರಲ್ಲ ಅಂತ ಹೆದರಿಸೋದು ಅನ್ಯಾಯ.

ಅಪ್ ಯಾವಾಗಲೂ ಕೊಳ್ಳು ಅಂತ ನಾನು ಹೇಳ್ತಿಲ್ಲ, ದಯವಿಟ್ಟು ಹಾಗೆ ಇನ್ನೊಂದು ಪಟ್ಟಿ ಮಾಡಬೇಡಿ. ಈಟ್ ಅಪ್ ಅಂದ್ರೆ ತಿಂದುಬಿಡು, ಡ್ರಿಂಕ್ ಅಪ್ ಅಂದ್ರೆ ಕುಡಿದುಬಿಡು, ಇಲ್ಲಿ ಅಪ್‌ಗೆ ಸಮ ನಮ್ಮ ಬಿಡು, ಉಳಿಸದೆ ಮುಗಿಸು ಅಂತ. ಟೇರ್ ಅಪ್ ಅಂದ್ರೆ ಹರಿದುಹಾಕು. ಡ್ರೈ ಅಪ್ ಅಂದ್ರೆ ಒಣಗಿಹೋಗು, ಕೆರೆ ಒಣಗಿಹೋಯ್ತು ಅಂತೀವಲ್ಲ ಅದು. ಬರ್ನ್ ಡೌನ್, ಸುಟ್ಟುಹೋಗು. ಬಸ್ಸು ಬ್ರೇಕ್ ಡೌನ್ ಆಯ್ತು ಅಂದ್ರೆ ಕೆಟ್ಟು ನಿಂತುಹೋಯ್ತು. ಅವರು ಕ್ರಿಯಾಪದದ ಹಿಂದೆ ಅಪ್ಪು ಡೌನು ಆಫು ಔಟು ಅಂತ ಚಿಕ್ಕ ಚಿಕ್ಕ ಪದ ಇಡೋ ಜಾಗದಲ್ಲಿ ನಾವು ಕೊಳ್ಳು, ಬಿಡು, ಹಾಕು, ಹೋಗು ಅಂತ ಇನ್ನೊಂದು ಕ್ರಿಯಾಪದಾನೇ ಇಡ್ತೀವಿ. ತಿಂದ ಅನ್ನೋದಕ್ಕೂ ತಿಂದುಬಿಟ್ಟ ಅನ್ನೋದಕ್ಕೂ ಇರೋ ವ್ಯತ್ಯಾಸ ಗೊತ್ತಿರೋ ಮಗುವಿಗೆ ಈಟ್ ಮತ್ತೆ ಈಟ್ ಅಪ್ ವ್ಯತ್ಯಾಸ ಹೇಳಕ್ಕೆ ಅರ್ಧ ನಿಮಿಷ ಸಾಕು. ಸಂಸ್ಕೃತ ತಗೊಂಡಿರೋ ಮಕ್ಕಳಿಗೆ ಇನ್ನೂ ಒಂದು ದಾರಿ ಇದೆ, ಹಾರ ಅನ್ನೋದಕ್ಕೆ ಮುಂದೆ ಉಪಸರ್ಗ ಸೇರಿಸಿದ್ರೆ ಆಹಾರ, ವಿಹಾರ, ಸಂಹಾರ, ಪ್ರಹಾರ, ಪರಿಹಾರ ಅಂತ ಅರ್ಥ ಎಲ್ಲಿಂದ ಎಲ್ಲಿಗೋ ಹೋಗತ್ತೆ, ಇದನ್ನ ಹೇಳೋ ಒಂದು ಶ್ಲೋಕ ಬಾಯಲ್ಲೇ ಇರತ್ತೆ ಅವರಿಗೆ. ಇಂಗ್ಲಿಷಿನಲ್ಲೂ ಓವರ್‌ಕಮ್, ವಿತ್‌ಸ್ಟ್ಯಾಂಡ್ ಅಂತ ಮುಂದೆ ಸೇರಿಸೋ ಹಳೇ ಪದ್ಧತಿ ಇನ್ನೂ ಉಳಿದಿದೆ.

ಈ ಕಷ್ಟ ನಮಗೊಬ್ಬರಿಗೇ ಅಲ್ಲ, ಅದನ್ನೂ ಮಕ್ಕಳಿಗೆ ಹೇಳ್ಬೇಕು. 1755ರಲ್ಲಿ ಲಂಡನ್ನಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ತಮ್ಮ ದೊಡ್ಡ ಇಂಗ್ಲಿಷ್ ನಿಘಂಟು ಹೊರಗೆ ತಂದಾಗ ಮುನ್ನುಡೀಲೇ ಈ ಜಾತಿಯ ಮಾತುಗಳನ್ನ ಎತ್ತಿ ಹೇಳಿ, ಪರದೇಶದೋರಿಗೆ ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಡೋದು ಇವೇ ಅಂತ ಬರೆದ್ರು. ಅಲ್ಲಿ ಅವರು ಕೊಟ್ಟಿರೋ ಉದಾಹರಣೆಗಳಲ್ಲಿ ಟೇಕ್ ಆಫ್ ಕೂಡ ಇದೆ, ಅರ್ಥ ಕೊಟ್ಟಿರೋದು ನಕಲು ಮಾಡೋದು ಅಂತ. ಆಗ ವಿಮಾನ ಎಲ್ಲಿತ್ತು. ನಿಮ್ಮ ಪಟ್ಟೀಲಿ ಹಾರು ಅಂತ ಮಾತ್ರ ಇದೆ, ಆದ್ರೆ ಮಗು ಷೂ ಟೇಕ್ ಆಫ್ ಮಾಡಿ ಒಳಗೆ ಬರತ್ತೆ, ಅಪ್ಪ ಒಂದು ದಿನ ಟೇಕ್ ಆಫ್ ಮಾಡ್ತಾರೆ ಅಂದ್ರೆ ರಜ ಹಾಕ್ತಾರೆ, ಅಂಗಡಿಯೋರು ರೇಟಲ್ಲಿ ಹತ್ತು ಪರ್ಸೆಂಟ್ ಟೇಕ್ ಆಫ್ ಮಾಡ್ತಾರೆ. ಫ್ರೇಸಲ್ ವರ್ಬ್ ಅನ್ನೋ ಹೆಸರು ಬಂದಿದ್ದು ತುಂಬಾ ಆಮೇಲೆ, ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕರಲ್ಲಿ ಒಬ್ಬರಾದ ಹೆನ್ರಿ ಬ್ರಾಡ್ಲಿ ಸೂಚಿಸಿದ್ದು ಅಂತ ಲೋಗನ್ ಪಿಯರ್ಸಾಲ್ ಸ್ಮಿತ್ 1925ರಲ್ಲಿ ಬರೆದಿದಾರೆ. ಅದೇ ಆಕ್ಸ್‌ಫರ್ಡ್ ನಿಘಂಟು 1989ರಲ್ಲಿ 20 ಸಂಪುಟವಾಗಿ ಬಂದಾಗ ಅದರಲ್ಲಿ ಎಲ್ಲಕ್ಕಿಂತ ಉದ್ದದ ನಮೂದು ಯಾವುದೋ ಕಠಿಣ ಪದದ್ದಲ್ಲ, ಸೆಟ್ ಅನ್ನೋ ಮೂರಕ್ಷರದ್ದು. ಚಿಕ್ಕ ಪದಾನೇ ಜಾಸ್ತಿ ದುಡಿಯೋದು. ಮಕ್ಕಳು ಉದ್ದುದ್ದ ಸ್ಪೆಲಿಂಗಿಗೆ ಹೆದರಿ ಈ ಚಿಕ್ಕವನ್ನ ಸಲೀಸು ಅಂತ ಬಿಟ್ಟುಬಿಡ್ತಾರೆ, ಪೆಟ್ಟು ಬೀಳೋದು ಇಲ್ಲೇ.

ಕನ್ನಡದ ಬಿಡು ತಗೊಂಡು ಯಾರಾದ್ರೂ ಹೊರಗಿನೋರಿಗೆ ಒಂದೇ ಅರ್ಥ ಹೇಳಿ ನೋಡೋಣ. ಗಿಡ ಹೂ ಬಿಡ್ತು. ಸೀರೆ ಬಣ್ಣ ಬಿಡತ್ತೆ. ಗಾಡಿ ಬಿಡಕ್ಕೆ ಬರತ್ತಾ. ನಿಮ್ಮನ್ನ ಮನೆ ತನಕ ಬಿಡ್ತೀನಿ. ಮೆಜೆಸ್ಟಿಕ್ಕಿಂದ ಬಸ್ಸು ಆರಕ್ಕೆ ಬಿಡತ್ತೆ. ಅವನು ಸಿಗರೇಟು ಬಿಟ್ಟ, ಸದ್ಯ. ರೈಲು ಬಿಡಬೇಡ ಕಣೋ. ಸ್ಕೂಲು ಬಿಡ್ತು ಅಂದ್ರೆ ಸಂಜೆ ಬೆಲ್ಲಾಗಿ ಮಕ್ಕಳು ಮನೆಗೆ ಬರ್ತಿದಾರೆ ಅಂತ ಸಂತೋಷದ ಸುದ್ದಿ, ಸ್ಕೂಲು ಬಿಟ್ಟ ಅಂದ್ರೆ ಒಂದು ಮಗೂನ ಓದು ನಿಂತುಹೋಯ್ತು ಅಂತ. ಒಂದಕ್ಷರದಲ್ಲಿ ಎಷ್ಟು ದೂರ! ಬೇರೆ ರಾಜ್ಯದಿಂದ ಬಂದು ಕನ್ನಡ ಕಲೀತಿರೋ ನನ್ನ ಪಕ್ಕದ ಮನೆಯೋರು ಬಿಡು ಅಂದ್ರೆ ಲೀವ್ ಅಂತ ಒಂದು ಆ್ಯಪಲ್ಲಿ ಓದ್ಕೊಂಡು, ಹೂ ಬಿಟ್ಟಿದೆ ಅಂದಿದ್ದಕ್ಕೆ ಹೂ ಉದುರಿಹೋಗಿದೆ ಅಂತ ತಿಳ್ಕೊಂಡಿದ್ರು. ಅವರಿಗೆ ಆಗಿದ್ದೇ ನಮ್ಮ ಹುಡುಗಿಗೂ ಆಗಿದ್ದು. ಜರ್ಮನಿಯಿಂದ ಬಂದ ಫರ್ಡಿನೆಂಡ್ ಕಿಟೆಲ್ ನಮ್ಮ ಪದಗಳನ್ನ ಕೂಡಿಸಿ 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿಂದ ಕನ್ನಡ ಇಂಗ್ಲಿಷ್ ನಿಘಂಟು ತಂದ್ರಲ್ಲ, ಅವರು ಇಂಥ ಕ್ರಿಯಾಪದಕ್ಕೆ ಒಂದು ಅರ್ಥ ಬರೆದು ಮುಂದಕ್ಕೆ ಹೋಗಲಿಲ್ಲ, ಅರ್ಥದ ಮೇಲೆ ಅರ್ಥ ಕೊಟ್ಟು ಬಳಕೆಯನ್ನೂ ಕೊಟ್ರು. ಎಂ.ಜಿ. ರೋಡಲ್ಲಿ ಅವರ ಪ್ರತಿಮೆ ಇದೆ, ಮಕ್ಕಳನ್ನ ಕರ್ಕೊಂಡು ಹೋಗಿ ತೋರಿಸಬೇಕಾದ ಜಾಗ ಅದು.

ಮುಖ್ಯವಾದ ಇನ್ನೊಂದು ವಿಷಯ ಪಟ್ಟೀಲಿ ಎಲ್ಲೂ ಕಾಣಲ್ಲ, ಪದಗಳ ಜಾಗ. ಪಿಕ್ ಅಪ್ ದ ಬ್ಯಾಗ್ ಅನ್ನಬಹುದು, ಪಿಕ್ ದ ಬ್ಯಾಗ್ ಅಪ್ ಅಂತಲೂ ಅನ್ನಬಹುದು, ಆದ್ರೆ ಮಿ, ಹಿಮ್, ಇಟ್ ಬಂದ್ರೆ ಮಾತ್ರ ನಡುವೆಯೇ ಕೂರಬೇಕು, ಪಿಕ್ ಮಿ ಅಪ್ ಅಟ್ ಸೆವೆನ್. ನಮ್ಮ ಮಕ್ಕಳು ಬರೆಯೋದು ಪಿಕ್ ಅಪ್ ಮಿ. ಯಾಕಂದ್ರೆ ಪಟ್ಟೀಲಿ ಪಿಕ್ ಅಪ್ ಅನ್ನೋದು ಅಂಟು ಹಾಕಿದ ಹಾಗೆ ಒಟ್ಟಿಗೆ ಇದೆ, ಅದನ್ನ ಬಿಡಿಸಬಹುದು ಅಂತ ಯಾರೂ ಹೇಳಿಲ್ಲ. ಲುಕ್ ಆಫ್ಟರ್ ಹಿಮ್ ಅನ್ನೋದನ್ನ ಬಿಡಿಸೋ ಹಾಗಿಲ್ಲ, ಅದೂ ಗೊತ್ತಿರಲ್ಲ. ಮತ್ತೆ ಹೆಸರಾಗಿ ಬಳಸುವಾಗ ಪಿಕಪ್ ಅಂತ ಒಂದೇ ಪದ, ಒತ್ತು ಪಿಕ್ ಮೇಲೆ. ಕ್ರಿಯಾಪದ ಆದಾಗ ಎರಡು ಪದ, ಒತ್ತು ಅಪ್ ಮೇಲೂ ಬೀಳತ್ತೆ. ಇದು ಒಂದೆರಡು ಸಲ ಬಾಯಿಬಿಟ್ಟು ಹೇಳಿಸಿದ್ರೆ ಬಂದುಬಿಡತ್ತೆ.

ಹಿಂದೆ ಇನ್ನೊಂದು ಪದ ಬಂದು ಸೇರಿದ್ರೆ ಮತ್ತೆ ಬೇರೆ. ಪಿಕ್ ಅಪ್ ಆನ್ ಅಂದ್ರೆ ಸೂಕ್ಷ್ಮವಾಗಿ ಗಮನಿಸೋದು. ಪಿಕ್ ಅಪ್ ಆಫ್ಟರ್ ಅಂದ್ರೆ ಒಬ್ಬರು ಮಾಡಿದ ಗಲೀಜನ್ನ ಇನ್ನೊಬ್ಬರು ಕ್ಲೀನ್ ಮಾಡೋದು. ಅಪಾರ್ಟ್‌ಮೆಂಟುಗಳಲ್ಲಿ ಪ್ಲೀಸ್ ಪಿಕ್ ಅಪ್ ಆಫ್ಟರ್ ಯುವರ್ ಪೆಟ್ ಅಂತ ಬೋರ್ಡ್ ಹಾಕಿರ್ತಾರೆ, ನಾಯೀನ ವಾಕಿಂಗ್ ಕರ್ಕೊಂಡು ಹೋಗೋ ಕೆಲಸದ ಹುಡುಗ ಅದನ್ನ ಪಟ್ಟಿ ಪ್ರಕಾರ ಓದಿದ್ರೆ ನಾಯಿ ಆದ್ಮೇಲೆ ಎತ್ತಿಕೊಳ್ಳಿ ಅಂತಾಗತ್ತೆ, ಏನೂ ಅರ್ಥ ಆಗಲ್ಲ, ಬೈಗುಳ ಮಾತ್ರ ಅವನಿಗೇ. ಡೆಲಿವರಿ ಮಾಡೋ ಹುಡುಗರ ಫೋನಲ್ಲಿ, ಡ್ರೈವರ್‌ಗಳ ಆ್ಯಪಲ್ಲಿ, ಫ್ಯಾಕ್ಟರಿ ನೋಟೀಸಲ್ಲಿ ಬರೋ ಇಂಗ್ಲಿಷು ಬಹುಪಾಲು ಇಂಥದ್ದೇ, ಪರೀಕ್ಷೆ ಮುಗಿದ ಮೇಲೂ ಬಿಡದ ಇಂಗ್ಲಿಷು ಇದು. ಸರ್ಕಾರಿ ಶಾಲೇಲಿ ಒಂದನೇ ಕ್ಲಾಸಿಂದ ಇಂಗ್ಲಿಷ್ ಶುರುವಾಗಿದ್ದು 2007ರಲ್ಲಿ, ಅಷ್ಟು ವರ್ಷ ಓದಿ ಹತ್ತನೇ ಕ್ಲಾಸಿಗೆ ಬಂದೋರಿಗೆ ಒಂದು ಬೋರ್ಡ್ ಓದಕ್ಕೆ ಆಗದೇ ಇದ್ರೆ ಅದು ಮಕ್ಕಳ ತಪ್ಪಲ್ಲ.

ಹಾಗಾಗಿ ನನ್ನ ವಿನಂತಿ ಇಷ್ಟೇ. ವಾರಕ್ಕೆ ಇಪ್ಪತ್ತು ಮೂವತ್ತು ಮಾತುಗಳ ಪಟ್ಟಿ ನಿಲ್ಲಿಸಿ, ಅದೇ ಜಾಗದಲ್ಲಿ ವಾರಕ್ಕೆ ಒಂದೇ ಒಂದು ಮಾತು ತಗೊಳಿ. ಅದಕ್ಕೆ ಏಳೆಂಟು ವಾಕ್ಯ ಕೊಡಿ, ಮಕ್ಕಳು ನೋಡಿರೋ ಊರಿನ ವಾಕ್ಯ, ಬಸ್ ಸ್ಟ್ಯಾಂಡು, ಮಾರ್ಕೆಟ್ಟು, ಆಸ್ಪತ್ರೆ, ಹಬ್ಬ. ಪ್ರತಿ ವಾಕ್ಯಕ್ಕೂ ಮಾತಾಡೋ ಕನ್ನಡದಲ್ಲೇ ಅರ್ಥ ಕೊಡಿ, ಗ್ರಾಂಥಿಕದಲ್ಲಿ ಬರೆದ್ರೆ ವ್ಯಾಪಾರವು ಸುಧಾರಿಸಿತು ಅಂತ ಚಪ್ಪಟೆ ಆಗತ್ತೆ, ಕೊಳ್ಳು ಬಿಡು ಹಾಕು ಹೋಗು ಕಾಣಿಸೋದು ಆಡುಮಾತಲ್ಲೇ ಚೆನ್ನಾಗಿ. ಇಟ್ ಎಲ್ಲಿ ಕೂರತ್ತೆ ಅನ್ನೋದಕ್ಕೆ ಒಂದು ಸಾಲು ಇರಲಿ. ಕನ್ನಡ ಪತ್ರಿಕೆಗೆ ಇದು ಹೊಸ ಕೆಲಸ ಏನಲ್ಲ, ಪ್ರೊಫೆಸರ್ ಜಿ. ವೆಂಕಟಸುಬ್ಬಯ್ಯನವರು ಇಗೋ ಕನ್ನಡ ಅಂತ ಅಂಕಣ ಬರೆದು ವರ್ಷಗಟ್ಟಲೆ ಓದುಗರ ಒಂದೊಂದು ಪದದ ಅನುಮಾನಕ್ಕೂ ಕೂತು ಉತ್ತರ ಹೇಳಿದ್ರು, ಜನ ಎಷ್ಟು ಆಸೆಯಿಂದ ಓದ್ತಿದ್ರು ಅನ್ನೋದು ನಿಮಗೆ ನಾನು ಹೇಳಬೇಕಿಲ್ಲ. ಇಂಗ್ಲಿಷ್ ಮಾತಿಗೂ ಅಷ್ಟೇ ತಾಳ್ಮೆಯಿಂದ ಕನ್ನಡದಲ್ಲಿ ಬರೆಯೋರು ಇದ್ದೇ ಇರ್ತಾರೆ, ಹೈಸ್ಕೂಲ್ ಮೇಷ್ಟ್ರುಗಳನ್ನ ಕೇಳಿ, ಸಂತೋಷವಾಗಿ ಬರೀತಾರೆ.

ಮೊದಲನೇ ವಾರಕ್ಕೆ ಪಿಕ್ ಅಪ್ ಬೇಡ ಅಂದ್ರೆ ಪುಟ್ ಅಪ್ ತಗೊಳಿ. ಸರ್ಕಾರಿ ಆಫೀಸಲ್ಲಿ ಫೈಲ್ ಪುಟಪ್ ಮಾಡಿ ಅಂತಾರೆ, ಬೆಂಗಳೂರಲ್ಲಿ ಎಲ್ಲಿ ಪುಟಪ್ ಆಗಿದೀರಾ ಅಂತ ವಿಚಾರಿಸ್ತಾರೆ, ಪೆಂಡಾಲ್ ಪುಟ್ ಅಪ್ ಮಾಡ್ತಾರೆ, ಸೈಟು ಮಾರಾಟಕ್ಕೆ ಪುಟ್ ಅಪ್ ಮಾಡ್ತಾರೆ, ಅದಕ್ಕೆ ವಿತ್ ಸೇರಿದ್ರೆ ಸಹಿಸ್ಕೊ, ನೋಡಿ ಮತ್ತೆ ಕೊಳ್ಳು. ಇದರ ವಾಕ್ಯಗಳನ್ನ ಮಕ್ಕಳ ಜೊತೆ ಕೂತು ನಾನು ಆಗಲೇ ಬರೆದಿಟ್ಟಿದೀನಿ, ಬೇಕಿದ್ರೆ ತಿಳಿಸಿ, ಕಳಿಸ್ಕೊಡ್ತೀನಿ, ಹೆಸರು ಹಾಕದೇ ಇದ್ರೂ ನಡೆಯತ್ತೆ.

ಇಂತಿ ನಿಮ್ಮ ಓದುಗಳು,
ಟ್ಯೂಷನ್ ಟೀಚರ್, ಕಾಮಾಕ್ಷಿಪಾಳ್ಯ, ಬೆಂಗಳೂರು